ನೀವು ಯಾವ ಕಡೆ?

ನ್ಯೂಸ್ ಚಾನೆಲ್‌ಗಳ ಸ್ಕ್ರೀನ್ ಕೆಳಗೆ ಓಡುವ ಸಾಲುಗಳಲ್ಲಿ ಭೋಜ ಅನ್ನೋ ಊರಿನ ಹೆಸರು ಬರುವುದು ಹೆಚ್ಚೂಕಡಿಮೆ ವರ್ಷಕ್ಕೊಂದೇ ಸಲ. ಅದೂ ಮಳೆಗಾಲದಲ್ಲಿ. ದೂಧಗಂಗಾ, ವೇದಗಂಗಾ ಎರಡೂ ಹೊಳೆ ತುಂಬಿದಾಗ. 'ಕಾರದಗಾ-ಭೋಜ ಸೇತುವೆ ಜಲಾವೃತ, ಸಂಚಾರ ಬಂದ್.' ಇಷ್ಟೇ. ಐದಾರು ಸೆಕೆಂಡಿನ ಸುದ್ದಿ. ನೀರು ಇಳಿಯುತ್ತದೆ, ಊರಿನ ಹೆಸರೂ ಇಳಿದು ಹೋಗುತ್ತದೆ.

ಆ ಊರು ನನ್ನ ಅಜ್ಜಿಯ ಊರು. ಬೆಳಗಾವಿ ಜಿಲ್ಲೆ, ನಿಪ್ಪಾಣಿ ತಾಲೂಕು. ಕಬ್ಬು, ತಂಬಾಕು, ಎರಡು ಹೊಳೆ. ಜೈನ ಮುನಿಗಳಾದ ಆಚಾರ್ಯ ಶಾಂತಿಸಾಗರ ಮಹಾರಾಜರ ಊರು ಅಂತ ದೂರದಿಂದ ಬರುವ ಯಾತ್ರಿಕರಿಗೂ ಗೊತ್ತು. ನಾನು ಹೈಸ್ಕೂಲು ಓದಿದ್ದು ಆ ಕಡೆಯೇ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಆಟದ ಬಯಲಲ್ಲಿ ಎರಡೂ ಸೇರಿದ ಒಂದು ಭಾಷೆ. ಅದಕ್ಕೆ ಇವತ್ತಿಗೂ ಹೆಸರಿಲ್ಲ.

ಹೋದ ವರ್ಷ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. 'ನ್ಯೂಸ್‌ನವರು ಬಂದಾರ' ಅಂತ ಸುದ್ದಿ ಹಬ್ಬಿ, ಹತ್ತನೇ ತರಗತಿಯ ಮಕ್ಕಳ ಮುಂದೆ ಹದಿನೈದು ನಿಮಿಷ ಮಾತಾಡಬೇಕು ಅಂತ ಕರೆ ಬಂತು. ಹೋದೆ. ಹಿಂದಿನ ಪಿರಿಯಡ್ ಸಮಾಜ ವಿಜ್ಞಾನ. ಬೋರ್ಡ್ ಇನ್ನೂ ಒರೆಸಿರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ 'ಶೀತಲ ಸಮರ'. ನಡುವೆ ಒಂದು ಉದ್ದ ಗೆರೆ. ಎಡಕ್ಕೆ ಅಮೆರಿಕಾ, ಬಲಕ್ಕೆ ಸೋವಿಯತ್ ಒಕ್ಕೂಟ. ಎಡಕ್ಕೆ ಬಂಡವಾಳಶಾಹಿ, ಬಲಕ್ಕೆ ಸಮತಾವಾದ. ಎಡಕ್ಕೆ ನ್ಯಾಟೊ 1949, ಬಲಕ್ಕೆ ವಾರ್ಸಾ ಒಪ್ಪಂದ 1955.

ಇಪ್ಪತ್ತು ವರ್ಷದ ಹಿಂದೆ ನನ್ನ ನೋಟ್‌ಬುಕ್‌ನಲ್ಲೂ ಇದೇ ಗೆರೆ ಇತ್ತು. ಇದೇ ಎರಡು ಕಾಲಂ ಬರೆದು ನಾನು ಪೂರ್ತಿ ಅಂಕ ತೆಗೆದವನು. ಕೊನೆಯಲ್ಲಿ ಒಂದು ಸಾಲು: 'ಭಾರತವು ಅಲಿಪ್ತ ನೀತಿಯನ್ನು ಅನುಸರಿಸಿತು.' ಅದನ್ನೂ ಬಾಯಿಪಾಠ ಮಾಡಿದ್ದೆ. ಅರ್ಥ ಕೇಳಿದ್ದರೆ, ಜಗಳ ನಡೆಯುವಾಗ ಕಟ್ಟೆ ಮೇಲೆ ಕೂತು ನೋಡೋದು ಅಂತ ಹೇಳುತ್ತಿದ್ದೆನೋ ಏನೋ.

ಮಾತು ಮುಗಿಸಿ, 'ಏನಾದ್ರೂ ಕೇಳ್ತೀರಾ?' ಅಂದೆ. ಕ್ಯಾಮೆರಾ ಬಗ್ಗೆ ಕೇಳಿದರು, ಮೇಕಪ್ ಬಗ್ಗೆ ಕೇಳಿದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

'ಸರ್, ನಿಮ್ಮ ಚರ್ಚಾದಾಗ ಯಾವಾಗ್ಲೂ ಎರಡ ಕಡೆಯವ್ರನ್ನ ಕೂಡಸ್ತೀರಿ. ಹೌದೋ ಅಲ್ಲೋ ಒಂದ ಮಾತಿನ್ಯಾಗ ಹೇಳ್ರಿ ಅಂತ ಜೋರ್ ಮಾಡ್ತೀರಿ. ಎರಡೂ ಅಲ್ಲ ಅನ್ನಾವ್ರು ಏನ್ ಮಾಡಬೇಕ್ರಿ?'

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. 'ಅವರು ಬೇರೆ ಚಾನೆಲ್‌ಗೆ ಹೋಗಬೇಕು' ಅಂದೆ. ಚಪ್ಪಾಳೆ ಬಿತ್ತು. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ ವೀಕ್ಷಕರೇ. ಯಾಕಂದ್ರೆ ಅದು ಉತ್ತರ ಅಲ್ಲ ಅಂತ ನನಗೆ ಗೊತ್ತಿತ್ತು. ಆ ಹುಡುಗಿಗೂ ಗೊತ್ತಿತ್ತು.

ಅವಳಿಗೆ ಕೊಡಬೇಕಿದ್ದ ಉತ್ತರ ಇವತ್ತು ಹೇಳುತ್ತೇನೆ. ಅದು ಆ ಬೋರ್ಡಿನ ಪಾಠದ ಒಳಗೇ ಇತ್ತು. ಎರಡು ಕಾಲಂ ನಡುವೆ ಎಳೆದ ಗೆರೆಯ ಮೇಲೆ ಇಬ್ಬರು ಮನುಷ್ಯರು ನಿಂತಿದ್ದರು. ಒಬ್ಬರು ನಮ್ಮ ಮಡಿಕೇರಿಯವರು. ಇನ್ನೊಬ್ಬರು ಭೋಜದಿಂದ ಬೈಕ್ ಹತ್ತಿದರೆ ಒಂದೂವರೆ ತಾಸಿನಲ್ಲಿ ಮುಟ್ಟಬಹುದಾದ ಕೊಲ್ಲಾಪುರ ಕಡೆಯವರು.

ಮೊದಲು ಈ ಶೀತಲ ಸಮರ ಅಂದ್ರೆ ಏನು ಅಂತ ಎರಡು ಮಾತು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಹಿಟ್ಲರ್ ವಿರುದ್ಧ ಒಟ್ಟಿಗೆ ಹೋರಾಡಿದ ಅಮೆರಿಕಾ ಮತ್ತು ಸೋವಿಯತ್ ಒಕ್ಕೂಟ, ಶತ್ರು ಸತ್ತ ಮೇಲೆ ಪರಸ್ಪರ ಶತ್ರುಗಳಾದವು. ಆಸ್ತಿ ಯಾರದು? ಕಾರ್ಖಾನೆ ಯಾರದು? ಪತ್ರಿಕೆ ಯಾರದು? ಒಂದು ಕಡೆಯವರು ಖಾಸಗಿಯವರದು ಅಂದರು, ಇನ್ನೊಂದು ಕಡೆಯವರು ಸರ್ಕಾರದ್ದು ಅಂದರು. ಒಬ್ಬರು ಸ್ವಾತಂತ್ರ್ಯ ಅಂದರು, ಇನ್ನೊಬ್ಬರು ಸಮಾನತೆ ಅಂದರು. ಎರಡೂ ಒಳ್ಳೆಯ ಶಬ್ದಗಳೇ. ಆದರೆ ಎರಡೂ ಬಣದವರು ಆ ಶಬ್ದಗಳ ಹಿಂದೆ ಅಣುಬಾಂಬ್ ಇಟ್ಟುಕೊಂಡು ಮಾತಾಡಿದರು. ಬಾಂಬ್ ಇರುವುದರಿಂದ ನೇರವಾಗಿ ಹೊಡೆದಾಡುವಂತಿಲ್ಲ. ಹಾಗಾಗಿ ಬೇರೆಯವರ ನೆಲದಲ್ಲಿ, ಬೇರೆಯವರ ಮಕ್ಕಳ ಕೈಯಲ್ಲಿ ಹೊಡೆದಾಡಿಸಿದರು. ಇಬ್ಬರಿಗೂ ಶೀತಲ. ನೆಲ ಕೊಟ್ಟವರಿಗೆ ಮಾತ್ರ ಕುದಿಯುವ ಬಿಸಿ.

ಹಾಗೆ ಬೆಂದ ಮೊದಲ ದೊಡ್ಡ ನೆಲ ಕೊರಿಯಾ.

1945ರ ಆಗಸ್ಟ್. ಜಪಾನ್ ಸೋಲುತ್ತಿದೆ. ಜಪಾನಿನ ಕೈಯಲ್ಲಿದ್ದ ಕೊರಿಯಾದಲ್ಲಿ ಸೋವಿಯತ್ ಸೇನೆ ಎಲ್ಲಿಯವರೆಗೆ ಬರಬೇಕು, ಅಮೆರಿಕಾ ಸೇನೆ ಎಲ್ಲಿಂದ ಶುರು ಮಾಡಬೇಕು? ವಾಷಿಂಗ್ಟನ್‌ನಲ್ಲಿ ಇಬ್ಬರು ಅಧಿಕಾರಿಗಳು ರಾತ್ರಿ ಹೊತ್ತು ಒಂದು ನಕ್ಷೆ ಇಟ್ಟುಕೊಂಡು 38ನೇ ಅಕ್ಷಾಂಶದ ಗೆರೆ ತೋರಿಸಿದರು. ಅವರಿಬ್ಬರೂ ಕೊರಿಯಾ ತಜ್ಞರಲ್ಲ. ಆ ಗೆರೆಯ ಮೇಲೆ ಯಾವ ಹಳ್ಳಿ ಇದೆ, ಯಾರ ಗದ್ದೆ ಇದೆ ಅಂತ ಯಾರೂ ನೋಡಲಿಲ್ಲ.

ಗಡಿಭಾಗದಲ್ಲಿ ಬೆಳೆದವನಿಗೆ ಇಂಥ ಗೆರೆ ಅಂದ್ರೆ ಏನು ಅಂತ ಸ್ವಲ್ಪ ಗೊತ್ತಾಗುತ್ತದೆ. 1956ರ ನವೆಂಬರ್ 1ಕ್ಕೆ ನಮ್ಮ ಕಡೆಯೂ ಒಂದು ಗೆರೆ ಬಂತು. ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಗೆರೆಯ ಬಗ್ಗೆ ಇವತ್ತಿಗೂ ಮಾತು, ಮೆರವಣಿಗೆ, ಕೋರ್ಟು ಎಲ್ಲ ಇದೆ. ಆದರೆ ನಮ್ಮ ಗೆರೆ ದಾಟುವುದಕ್ಕೆ ಬಸ್ ಟಿಕೆಟ್ ಸಾಕು. ಹೆಣ್ಣು ಆ ಕಡೆಯಿಂದ ಬರುತ್ತಾಳೆ, ಮಗಳು ಆ ಕಡೆಗೆ ಹೋಗುತ್ತಾಳೆ. ಕೊರಿಯಾದ ಗೆರೆ ಹಾಗಲ್ಲ. ಅಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಉಳಿದರು. ಎಪ್ಪತ್ತು ವರ್ಷ ದಾಟಿದರೂ ಹಾಗೇ ಇದ್ದಾರೆ.

1950ರ ಜೂನ್ 25ಕ್ಕೆ ಉತ್ತರ ಕೊರಿಯಾ ಸೇನೆ ಆ ಗೆರೆ ದಾಟಿ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಧ್ವಜದ ಕೆಳಗೆ ಅಮೆರಿಕಾ ಬಂತು. ಅಮೆರಿಕಾ ಚೀನಾ ಗಡಿಯ ಹತ್ತಿರ ಹೋದಾಗ ಚೀನಾ ಬಂತು. ಚೀನಾ ಬೆನ್ನಿಗೆ ಸೋವಿಯತ್. ಮೇಲೆ ಕೆಳಗೆ, ಮೇಲೆ ಕೆಳಗೆ ತಳ್ಳಾಡಿ, ಲಕ್ಷಾಂತರ ಜನ ಸತ್ತ ಮೇಲೆ ಸೇನೆಗಳು ಮತ್ತೆ ಹೆಚ್ಚೂಕಡಿಮೆ ಅದೇ ಗೆರೆಯ ಹತ್ತಿರವೇ ಬಂದು ನಿಂತವು.

1951ರ ಜುಲೈನಲ್ಲಿ ಕದನವಿರಾಮದ ಮಾತು ಶುರುವಾಯಿತು. ಎಷ್ಟು ದಿನ ನಡೆಯಿತು ಗೊತ್ತಾ? ಎರಡು ವರ್ಷ! ಮಾತು ನಡೆಯುತ್ತಿತ್ತು, ಗುಂಡೂ ನಡೆಯುತ್ತಿತ್ತು. ಕೊನೆಗೆ ಗಂಟು ಬಿದ್ದದ್ದು ನೆಲದ ಮೇಲಲ್ಲ. ಯುದ್ಧಕೈದಿಗಳ ಮೇಲೆ.

ಯುದ್ಧ ಮುಗಿದ ಮೇಲೆ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸಬೇಕು. 1949ರ ಜಿನೀವಾ ಒಪ್ಪಂದ ಹೇಳುವುದು ಇದನ್ನೇ. ಆದರೆ ಅಮೆರಿಕಾ ಕಡೆಯ ಶಿಬಿರಗಳಲ್ಲಿದ್ದ ಸಾವಿರಾರು ಚೀನೀ ಮತ್ತು ಕೊರಿಯನ್ ಕೈದಿಗಳು 'ನಾವು ವಾಪಸ್ ಹೋಗಲ್ಲ' ಅಂದರು. ಅಮೆರಿಕಾ ಹೇಳಿತು: ಒತ್ತಾಯ ಮಾಡಿ ಕಳಿಸುವುದಿಲ್ಲ. ಚೀನಾ ಹೇಳಿತು: ಅವರನ್ನು ಹೆದರಿಸಿ ಹಾಗೆ ಹೇಳಿಸಿದ್ದೀರಿ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು. ಹೋಗಲು ಮನಸ್ಸಿಲ್ಲದವರು ನಿಜವಾಗಿಯೂ ಇದ್ದರು. ಮುಳ್ಳುತಂತಿಯ ಒಳಗೆ ಕೈದಿಗಳದೇ ಮುಖಂಡರಿದ್ದರು, 'ಹೋಗುತ್ತೇನೆ' ಅಂದವನನ್ನು ರಾತ್ರಿ ಹೊಡೆಯುವವರಿದ್ದರು, ಕೊಂದದ್ದೂ ಉಂಟು. ಕೆಲವರ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಹಾಕಿದ್ದರು. ಚರ್ಮದ ಮೇಲೆ ಸಿದ್ಧಾಂತ ಬರೆದ ಮೇಲೆ ಊರಿಗೆ ಯಾವ ಮುಖ ಹೊತ್ತು ಹೋಗುವುದು?

ಸಿದ್ಧಾಂತಗಳ ಪೈಪೋಟಿ ಅಂತ ನಾವು ಪರೀಕ್ಷೆಯಲ್ಲಿ ಬರೆಯುತ್ತೇವಲ್ಲ, ಅದರ ನಿಜವಾದ ಮುಖ ಇದು. ತನ್ನ ಬಣ ಬಿಟ್ಟು ಎದುರಿನ ಬಣಕ್ಕೆ ಬಂದ ಒಬ್ಬೊಬ್ಬ ಕೈದಿಯೂ ಒಂದೊಂದು ವೋಟು. 'ನೋಡಿ, ನಿಮ್ಮ ಮಗ ನಮ್ಮ ಮನೆಯೇ ಚೆಂದ ಅಂದ' ಅಂತ ಜಗತ್ತಿಗೆ ತೋರಿಸುವುದಕ್ಕೆ. ಒಬ್ಬ ರೈತನ ಮಗನಿಗೆ ಅವನ ತಾಯಿಯ ಮುಖ ನೆನಪಾಗುತ್ತಿದೆಯೋ ಇಲ್ಲವೋ ಅಂತ ಕೇಳುವವರು ಯಾರೂ ಇರಲಿಲ್ಲ.

ಈ ಗಂಟು ಬಿಚ್ಚುವುದಕ್ಕೆ ವಿಶ್ವಸಂಸ್ಥೆಯಲ್ಲಿ ದಾರಿ ಹೇಳಿದ್ದು ಭಾರತ. ನಮ್ಮ ಪ್ರತಿನಿಧಿ ವಿ.ಕೆ. ಕೃಷ್ಣ ಮೆನನ್ ಒಂದು ನಿರ್ಣಯ ಮುಂದಿಟ್ಟರು. ಕೈದಿಗಳನ್ನು ಎರಡೂ ಬಣದವರ ಕೈಯಿಂದ ತೆಗೆದು ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸಿ, ಅಲ್ಲಿ ಅವರ ಮನಸ್ಸು ಕೇಳಿ ಅಂತ. ಅಮೆರಿಕಾ ಮೊದಲು ಮೂಗು ಮುರಿಯಿತು. ಸೋವಿಯತ್ ಪ್ರತಿನಿಧಿ ಬೈದೇಬಿಟ್ಟರು. 1952ರ ಡಿಸೆಂಬರ್ 3ರಂದು ನಿರ್ಣಯ 54-5 ಮತಗಳಿಂದ ಪಾಸಾಯಿತು. ವಿರೋಧಿಸಿದ್ದು ಸೋವಿಯತ್ ಬಣ. 1953ರ ಮಾರ್ಚ್ 5ಕ್ಕೆ ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. ಜೂನ್‌ನಲ್ಲಿ ಕೈದಿಗಳ ಬಗ್ಗೆ ಒಪ್ಪಂದ, ಜುಲೈ 27ಕ್ಕೆ ಪನ್‌ಮುನ್‌ಜೊಮ್‌ನಲ್ಲಿ ಕದನವಿರಾಮ.

ಆಯೋಗದಲ್ಲಿ ಐದು ದೇಶ. ಒಂದು ಬಣ ಆರಿಸಿದ ಸ್ವೀಡನ್, ಸ್ವಿಟ್ಜರ್ಲೆಂಡ್. ಇನ್ನೊಂದು ಬಣ ಆರಿಸಿದ ಪೋಲೆಂಡ್, ಚೆಕೊಸ್ಲೊವಾಕಿಯಾ. ಐದನೆಯದು ಭಾರತ, ಅದೇ ಅಧ್ಯಕ್ಷ. ಎರಡು ಆ ಕಡೆ, ಎರಡು ಈ ಕಡೆ. ಅಂದ್ರೆ ಜಗಳ ಬಂದಾಗಲೆಲ್ಲ ತೀರ್ಪಿನ ವೋಟು ನಮ್ಮದು. ಆ ಕುರ್ಚಿಯಲ್ಲಿ ಕೂತವರು ಯಾರು?

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1948ರ ನವೆಂಬರ್‌ನಲ್ಲಿ ಕಾಶ್ಮೀರದ ಝೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಎತ್ತರಕ್ಕೆ, ಟ್ಯಾಂಕ್ ಹತ್ತಿಸಿ ಶತ್ರುವನ್ನು ಬೆಚ್ಚಿ ಬೀಳಿಸಿದ ಸೇನಾಪತಿ. ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾದವರು.

ಕೈದಿಗಳನ್ನು ಕಾಯುವ ಸುಮಾರು ಆರು ಸಾವಿರ ಭಾರತೀಯ ಸೈನಿಕರ ಪಡೆಗೆ ಮುಖ್ಯಸ್ಥರಾಗಿ ಹೋದವರು ಮೇಜರ್ ಜನರಲ್ ಶಂಕರರಾವ್ ಥೋರಾತ್. ಕೊಲ್ಲಾಪುರ ಸೀಮೆಯವರು, ನಿವೃತ್ತರಾದ ಮೇಲೆ ಬದುಕಿದ್ದೂ ಕೊಲ್ಲಾಪುರದಲ್ಲೇ. ಇವರಿಬ್ಬರೂ ಹೊಸ ಪರಿಚಯದವರಲ್ಲ. 1945ರಲ್ಲಿ ಬರ್ಮಾದ ಕಂಗಾವ್ ಕದನದಲ್ಲಿ ಒಂದೇ ಬ್ರಿಗೇಡಿನ ಎರಡು ಬೆಟಾಲಿಯನ್‌ಗಳನ್ನು ನಡೆಸಿದವರು. ಒಬ್ಬರ ಮನೆಮಾತು ಕೊಡವ, ಇನ್ನೊಬ್ಬರದು ಮರಾಠಿ. ನಮ್ಮ ಭೋಜದಿಂದ ನೋಡಿದರೆ ಒಬ್ಬರು ತೆಂಕಣ ದಿಕ್ಕು, ಒಬ್ಬರು ಬಡಗಣ ದಿಕ್ಕು. ಆದರೆ ಬೋರ್ಡಿನ ಮೇಲೆ ಇಬ್ಬರ ಹೆಸರೂ ಇರಲಿಲ್ಲ.

ಇವರು ಹೋದ ಜಾಗ ಹೇಗಿತ್ತು ಕೇಳಿ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದು ಅಂದ. ಹಾಗಾಗಿ ನಮ್ಮವರನ್ನು ಹಡಗಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಎತ್ತಿ, ಎರಡೂ ಸೇನೆಗಳ ನಡುವಿನ ನಿರ್ಸೇನಾ ಪಟ್ಟಿಯಲ್ಲಿ ಇಳಿಸಿದರು. ಅಲ್ಲಿ ನಮ್ಮವರು ಡೇರೆ ಹಾಕಿ ಅದಕ್ಕೆ 'ಹಿಂದ್ ನಗರ' ಅಂತ ಹೆಸರಿಟ್ಟರು. ಒಂದು ಬಣದಿಂದ 22,604 ಕೈದಿಗಳು ಬಂದರು. ಇನ್ನೊಂದು ಬಣದಿಂದ 359. ಆ 359ರಲ್ಲಿ ಅಮೆರಿಕಾಕ್ಕೆ ವಾಪಸ್ ಹೋಗಲ್ಲ ಅಂದ 23 ಅಮೆರಿಕನ್ ಸೈನಿಕರೂ ಇದ್ದರು!

ಸೆಪ್ಟೆಂಬರ್ ಕೊನೆಯ ವಾರದಲ್ಲಿ ಒಂದು ದಿನ ಕೈದಿಗಳು ನಮ್ಮ ಮೇಜರ್ ಗ್ರೆವಾಲ್ ಅವರನ್ನು ಶಿಬಿರದೊಳಗೆ ಹಿಡಿದಿಟ್ಟುಕೊಂಡರು. ಹೊರಗೆ ಬಂದೂಕು ಹಿಡಿದ ಸೈನಿಕರು. ಒಳಗೆ ಸಿಟ್ಟಿನಲ್ಲಿರುವ ನೂರಾರು ಜನ. ಗುಂಡು ಹಾರಿಸಿ ಬಿಡಿಸಿಕೊಳ್ಳಬಹುದಿತ್ತು. ಹಾರಿಸಿದ್ದರೆ ಎಷ್ಟು ಜನ ಸಾಯುತ್ತಿದ್ದರು, ಕದನವಿರಾಮ ಉಳಿಯುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಥೋರಾತ್ ಏನು ಮಾಡಿದರು? ಆಯುಧ ಇಲ್ಲದೆ, ಕೆಲವೇ ಜನರ ಜೊತೆ ಆ ಗೇಟಿನೊಳಗೆ ನಡೆದರು. ಗುಂಪು ಸುತ್ತಿಕೊಂಡಿತು. ಕೂಗಾಟ ನಡೆಯಿತು. ಅದು ತಣ್ಣಗಾದದ್ದು ಬೆದರಿಕೆಯಿಂದಲ್ಲ. ಮಾತು, ಸಿಗರೇಟು, ಚಹಾ. ಮನೆಗೆ ಬಂದವರಿಗೆ ಚಹಾ ಕೊಡಬೇಕು ಅನ್ನೋದು ಚೀನಾದಲ್ಲೂ ಇದೆ, ನಮ್ಮ ನಿಪ್ಪಾಣಿಯಲ್ಲೂ ಇದೆ. ಆ ಒಂದು ಎಳೆ ಹಿಡಿದು ಮಾತಾಡಿ, ಮೇಜರ್ ಅವರನ್ನು ಬಿಡಿಸಿಕೊಂಡು ಹೊರಗೆ ಬಂದರು. ಅವತ್ತು ಒಂದೇ ಒಂದು ಗುಂಡು ಹಾರಲಿಲ್ಲ. ಕೊರಿಯಾದ ಈ ಸೇವೆಗೆ ಅವರಿಗೆ ಅಶೋಕ ಚಕ್ರ ಎರಡನೇ ದರ್ಜೆ, ಅಂದ್ರೆ ಈಗಿನ ಕೀರ್ತಿ ಚಕ್ರ ಬಂತು.

ಎಲ್ಲ ದಿನವೂ ಹಾಗೇ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಕ್ಟೋಬರ್ ಮೊದಲ ದಿನಗಳಲ್ಲಿ ಕೈದಿಗಳು ತಂತಿಬೇಲಿಗೆ ನುಗ್ಗಿದಾಗ ನಮ್ಮ ಕಾವಲುಗಾರರು ಗುಂಡು ಹಾರಿಸಬೇಕಾಯಿತು, ಕೈದಿಗಳು ಸತ್ತರು. ನಡುವೆ ನಿಂತವರ ಕೈಗೂ ರಕ್ತ ಹತ್ತಿತು.

ಈಗ ಆ ಡೇರೆಗಳ ವಿಷಯಕ್ಕೆ ಬನ್ನಿ. ಅಕ್ಟೋಬರ್ 15ರಿಂದ 'ವಿವರಣೆ' ಶುರುವಾಯಿತು. ಡೇರೆಯೊಳಗೆ ಒಂದು ಮೇಜು. ಮೇಜಿನ ಒಂದು ಬದಿಗೆ ಕೈದಿಯ ದೇಶದವರು. ಅವರು 'ಮಗನೇ, ಊರಿಗೆ ಬಾ, ಏನೂ ಮಾಡಲ್ಲ' ಅಂತ ಹೇಳಬೇಕು. ಪಕ್ಕದಲ್ಲಿ ಐದೂ ತಟಸ್ಥ ದೇಶದವರು. ಕೇಳಿ ಮುಗಿದ ಮೇಲೆ ಕೈದಿ ಎದ್ದು ಹೊರಗೆ ಹೋಗಬೇಕು. ಹೋಗುವುದಕ್ಕೆ ಎರಡು ಬಾಗಿಲು. ಒಂದು ಬಾಗಿಲು ಊರಿನ ದಾರಿಗೆ. ಇನ್ನೊಂದು ವಾಪಸ್ ಶಿಬಿರಕ್ಕೆ, ಅಲ್ಲಿಂದ ಎದುರು ಬಣಕ್ಕೆ.

ಅಮೆರಿಕಾ ಮತ್ತು ಸೋವಿಯತ್ ನಡುವಿನ ಇಡೀ ಜಗಳ, ಆ ಪುಸ್ತಕ, ಆ ಭಾಷಣ, ಆ ಕ್ಷಿಪಣಿ ಎಲ್ಲ ಸೇರಿ ಕೊನೆಗೆ ಒಂದು ಡೇರೆಯ ಎರಡು ಬಾಗಿಲಾಗಿ ಒಬ್ಬ ಹಳ್ಳಿ ಹುಡುಗನ ಮುಂದೆ ನಿಂತಿತ್ತು. ನೀನು ಯಾವ ಕಡೆ? ಹೇಳು. ಹೌದೋ, ಅಲ್ಲವೋ? ಬೇಗ ಹೇಳು.

ಈ ವಾಕ್ಯ ನಿಮಗೆ ಎಲ್ಲೋ ಕೇಳಿದ ಹಾಗೆ ಇದೆಯಲ್ಲ? ಇದೆ. ರಾತ್ರಿ ಒಂಬತ್ತಕ್ಕೆ ನಾನೇ ಹೇಳುತ್ತೇನೆ.

ಬಹಳಷ್ಟು ಕೈದಿಗಳು ಆ ಡೇರೆಗೆ ಬರಲೇ ಇಲ್ಲ. ಮುಖಂಡರು ಬಿಡಲಿಲ್ಲ, ಅಥವಾ ಎರಡೂ ಬಣದವರು ಒಂದೊಂದು ತಕರಾರು ತೆಗೆದು ದಿನಗಳನ್ನು ಹಾಳು ಮಾಡಿದರು. 90 ದಿನದ ಗಡುವು ಡಿಸೆಂಬರ್ 23ಕ್ಕೆ ಮುಗಿಯಿತು. 22,604ರಲ್ಲಿ ಊರಿಗೆ ಹೋದವರು 628 ಮಾತ್ರ. ಮಿಕ್ಕವರಲ್ಲಿ ಹೆಚ್ಚಿನವರನ್ನು 1954ರ ಜನವರಿ 20ರಿಂದ ಮತ್ತೆ ಅಮೆರಿಕಾ ಬಣಕ್ಕೇ ಒಪ್ಪಿಸಬೇಕಾಯಿತು. ಚೀನೀಯರು ತೈವಾನ್ ದಾರಿ ಹಿಡಿದರು. ಆ 23 ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿದರು, 21 ಜನ ಚೀನಾಕ್ಕೆ ಹೋದರು. ಅವರಲ್ಲಿ ಹಲವರು ಮುಂದಿನ ವರ್ಷಗಳಲ್ಲಿ ವಾಪಸ್ ಮನೆಗೆ ಬಂದರು ಅನ್ನೋದೂ ಇತಿಹಾಸವೇ. ಇಪ್ಪತ್ತು ವರ್ಷದ ಹುಡುಗನ ಕೈಯಲ್ಲಿ ಬರೆಸಿಕೊಂಡ ಉತ್ತರ ಕೊನೆಯ ಉತ್ತರ ಅಲ್ಲ.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ಮುಖ್ಯ ಸಂಗತಿ. ಇವರೆಲ್ಲರ ನಡುವೆ 88 ಜನ ಎರಡೂ ಬಾಗಿಲು ಬೇಡ ಅಂದರು. 'ಆ ಕಡೆಯೂ ಹೋಗಲ್ಲ, ಈ ಕಡೆಯೂ ಹೋಗಲ್ಲ. ಯಾವುದಾದರೂ ತಟಸ್ಥ ದೇಶಕ್ಕೆ ಕಳಿಸಿ' ಅಂದರು. ಸುಮ್ಮನೆ ಹೇಳುವ ಮಾತಲ್ಲ ಅದು. ಶಿಬಿರದಲ್ಲಿ ಪಕ್ಕದಲ್ಲಿ ಮಲಗಿದವನಿಗೆ ಗೊತ್ತಾದರೆ ಜೀವಕ್ಕೇ ಅಪಾಯ. ಎರಡೂ ಬಣಕ್ಕೆ ಅವರು ದ್ರೋಹಿಗಳು. ಅವರನ್ನು ತಿಮ್ಮಯ್ಯ, ಥೋರಾತ್ ಅವರ ಪಡೆ ತನ್ನ ಜೊತೆಯಲ್ಲೇ ಇಟ್ಟುಕೊಂಡು ಕಾಪಾಡಿತು. 1954ರ ಫೆಬ್ರವರಿಯಲ್ಲಿ ನಮ್ಮ ಸೈನಿಕರು ಹೊರಟಾಗ ಆ 88 ಜನರೂ ಹಡಗು ಹತ್ತಿ ಮದ್ರಾಸಿಗೆ ಬಂದರು. ಮುಂದೆ ಹೆಚ್ಚಿನವರು ಬ್ರೆಜಿಲ್, ಅರ್ಜೆಂಟೀನಾ ಕಡೆ ಹೋಗಿ ಹೊಸ ಬದುಕು ಕಟ್ಟಿಕೊಂಡರು. ಕೆಲವರು ಭಾರತದಲ್ಲೇ ಉಳಿದರು.

ಸುಮಾರು ಇಪ್ಪತ್ಮೂರು ಸಾವಿರದಲ್ಲಿ 88. ಶೇಕಡಾ ಲೆಕ್ಕ ಹಾಕಿದರೆ ಅರ್ಧವೂ ಇಲ್ಲ. ಟಿವಿಯಲ್ಲಿ ಬಾರ್ ಚಾರ್ಟ್ ಮಾಡಿದರೆ ಕಣ್ಣಿಗೇ ಕಾಣುವುದಿಲ್ಲ. ಆದರೆ ಭೋಜದ ಆ ಹುಡುಗಿ ಕೇಳಿದ್ದು ಈ 88 ಜನರ ಬಗ್ಗೆ. ಎರಡೂ ಅಲ್ಲ ಅನ್ನುವವರು ಏನು ಮಾಡಬೇಕು? ಅವರಿಗಾಗಿ ಯಾರೋ ಒಬ್ಬರು ನಡುವೆ ಜಾಗ ಮಾಡಿಟ್ಟಿರಬೇಕು. ಬಂದೂಕು ಇದ್ದೂ ಹಾರಿಸದೆ, ಬೈಸಿಕೊಂಡು, ಆ ಜಾಗವನ್ನು ಕಾಯಬೇಕು.

ಬೈಸಿಕೊಂಡರು ಅಂದೆನಲ್ಲ, ಸಣ್ಣ ಬೈಗುಳ ಅಲ್ಲ. ದಕ್ಷಿಣ ಕೊರಿಯಾ ನಮ್ಮವರನ್ನು ಕಮ್ಯುನಿಸ್ಟರ ಏಜೆಂಟರು ಅಂದಿತು. ಚೀನಾ, ಉತ್ತರ ಕೊರಿಯಾ ನಮ್ಮವರು ಅಮೆರಿಕಾಕ್ಕೆ ಬಗ್ಗಿದರು ಅಂದವು. ಕೈದಿಗಳನ್ನು ವಾಪಸ್ ಒಪ್ಪಿಸುವ ತಿಮ್ಮಯ್ಯನವರ ತೀರ್ಮಾನವನ್ನು ಎರಡೂ ಕಡೆಯವರು ತಮತಮಗೆ ಬೇಕಾದ ಹಾಗೆ ಎಳೆದಾಡಿದರು. ಒಂದೇ ದಿನ ಎರಡೂ ಕಡೆಯಿಂದ ಕಲ್ಲು ಬಿದ್ದರೆ ನೀವು ನಿಜವಾಗಿ ನಡುವೆ ಇದ್ದೀರಿ ಅಂತ ಅರ್ಥ ಅನ್ನೋ ಮಾತು ಸುಲಭ. ಬೀಳುವ ಕಲ್ಲು ಮಾತ್ರ ನಿಜವಾದದ್ದು.

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ನಮಗೆ ಡಿಜಿಟಲ್ ಸರ್ಕ್ಯೂಟ್ ಪಾಠದಲ್ಲಿ ಸೊನ್ನೆ, ಒಂದು ಬಿಟ್ಟು ಮೂರನೇ ಸ್ಥಿತಿಯೊಂದನ್ನು ಕಲಿಸುತ್ತಾರೆ. ಆ ಸ್ಥಿತಿಯಲ್ಲಿರುವ ಚಿಪ್ ಸೊನ್ನೆಯೂ ಹೇಳಲ್ಲ, ಒಂದೂ ಹೇಳಲ್ಲ. ಲೈನ್‌ನಿಂದ ತನ್ನನ್ನು ತಾನೇ ಕಡಿದುಕೊಂಡು ಸುಮ್ಮನಿರುತ್ತದೆ. ಬಹಳ ವರ್ಷ ನಾನು ಅಲಿಪ್ತ ನೀತಿ ಅಂದ್ರೆ ಇದೇ ಅಂದುಕೊಂಡಿದ್ದೆ. ಕಡಿದುಕೊಂಡು ಸುಮ್ಮನಿರೋದು. ಕೊರಿಯಾದ ಕಥೆ ಓದಿದ ಮೇಲೆ ಗೊತ್ತಾಯಿತು, ಅದು ತಪ್ಪು. ತಿಮ್ಮಯ್ಯ, ಥೋರಾತ್ ಸುಮ್ಮನಿರಲಿಲ್ಲ. ಆ ಆರು ತಿಂಗಳು ಆ ನೆಲದಲ್ಲಿ ಅವರಷ್ಟು ಕೆಲಸ ಮಾಡಿದವರು ಕಡಿಮೆ.

ಹಾಗಂತ ಭಾರತ ಎಲ್ಲ ಕಾಲಕ್ಕೂ ತಕ್ಕಡಿಯ ಮುಳ್ಳಿನ ಹಾಗೆ ನೇರ ನಿಂತಿತ್ತು ಅಂತ ನಾನು ಹೇಳುವುದಿಲ್ಲ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಯನ್ನು ತುಳಿದಾಗ ನಮ್ಮ ದನಿ ತಡವಾಗಿ, ಮೆತ್ತಗೆ ಬಂತು. 1971ರ ಆಗಸ್ಟ್ 9ರಂದು ನಾವು ಸೋವಿಯತ್ ಜೊತೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದೆವು. ಆ ಡಿಸೆಂಬರ್‌ನಲ್ಲಿ ಅಮೆರಿಕಾದ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದಾಗ ಆ ಒಪ್ಪಂದ ಬೆನ್ನಿಗೆ ನಿಂತಿತು. ದೇಶ ಅಂದಮೇಲೆ ಹಿತ, ಭಯ, ಅನ್ನದ ಲೆಕ್ಕ ಎಲ್ಲ ಇರುತ್ತದೆ. ಮಕ್ಕಳಿಗೆ ಅದನ್ನೂ ಹೇಳಬೇಕು.

ಇನ್ನೂ ಒಂದು ಸಂಗತಿ ಹೇಳಬೇಕು. ನನ್ನ ಕಸುಬಿನ ಬೇರು ಅದರಲ್ಲಿದೆ. 1975ರ ಏಪ್ರಿಲ್ 19. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ, ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರ ತಂಡ ಕಟ್ಟಿದ 'ಆರ್ಯಭಟ' ಉಪಗ್ರಹ ಸೋವಿಯತ್ ರಾಕೆಟ್ ಏರಿ ಆಕಾಶಕ್ಕೆ ಹೋಯಿತು. ಅದೇ ವರ್ಷ ಆಗಸ್ಟ್ 1. ಅಮೆರಿಕಾದ ಉಪಗ್ರಹವೊಂದನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ಶುರುವಾಯಿತು. ಅದರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು, ಕನ್ನಡದಲ್ಲೇ ಕಾರ್ಯಕ್ರಮ ಬಂತು. ಅಂದ್ರೆ ಏನಾಯಿತು? ಶೀತಲ ಸಮರದ ನಡುವೆಯೇ, ನಾಲ್ಕು ತಿಂಗಳ ಅಂತರದಲ್ಲಿ, ಕನ್ನಡದ ನೆಲ ಒಂದು ಬಣದ ರಾಕೆಟ್ಟನ್ನೂ ಇನ್ನೊಂದು ಬಣದ ಉಪಗ್ರಹವನ್ನೂ ತನ್ನ ಕೆಲಸಕ್ಕೆ ಬಳಸಿಕೊಂಡಿತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಜನ ಮೊದಲ ಸಲ ಟಿವಿಯಲ್ಲಿ ಕನ್ನಡ ಕೇಳಿದ್ದು ಹಾಗೆ. ಅಂಥ ಟಿವಿಯಲ್ಲಿ ಕೂತು ನಾನು ದಿನಾ 'ಒಂದೇ ಕಡೆ ಆರಿಸಿ' ಅಂತ ಮೇಜು ಕುಟ್ಟುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ಚರ್ಚೆಗೆ ವಯಸ್ಸಾದ ಒಬ್ಬ ಮೇಷ್ಟ್ರು ಬಂದಿದ್ದರು. ವಿಷಯ ಏನೋ ಇತ್ತು, ಯಾವತ್ತಿನ ಹಾಗೆ ಎರಡು ಬಣ ಇತ್ತು. ಅವರು 'ನೋಡಪ್ಪಾ, ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಎರಡು ನಿಮಿಷ ಕೊಟ್ಟರೆ ಹೇಳ್ತೀನಿ' ಅಂದರು. ನಾನು 'ಸುತ್ತಿ ಬಳಸಬೇಡಿ, ನೀವು ಯಾವ ಕಡೆ?' ಅಂದೆ. ಅವರು ಬಾಯಿ ತೆರೆಯುವುದರೊಳಗೆ ಬ್ರೇಕ್ ತಗೊಂಡೆ. ಬ್ರೇಕ್ ಮುಗಿದ ಮೇಲೆ ಅವರ ಕಡೆ ತಿರುಗಲೇ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅವರು ಕಿವಿಯಿಂದ ಯಂತ್ರ ತೆಗೆದು, ನಮಸ್ಕಾರ ಮಾಡಿ ಹೋದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ತಿಮ್ಮಯ್ಯನವರು 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎಲ್ಲಿ ಗೊತ್ತಾ? ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ. ಆ ದ್ವೀಪದಲ್ಲೂ ಎರಡು ಬಣ, ಗ್ರೀಕರು ಮತ್ತು ತುರ್ಕರು. ಅಲ್ಲೂ ನಡುವೆ ನಿಂತ ಕೆಲಸವೇ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. ಕೊಡಗಿಗೆ ಹೋದವರು ರಾಜಾಸೀಟು ನೋಡಿ, ಕಾಫಿಪುಡಿ ತಗೊಂಡು ಬರುತ್ತೀರಿ. ಮುಂದಿನ ಸಲ ಮಕ್ಕಳನ್ನು ಆ ಮನೆಗೂ ಕರೆದುಕೊಂಡು ಹೋಗಿ.

ಶಾಲೆಗಳಲ್ಲಿ ಶೀತಲ ಸಮರ ಕಲಿಸುವ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ನನ್ನದೊಂದು ವಿನಂತಿ. ಎರಡು ಕಾಲಂ ಬರೆಸಿ, ಅದು ಬೇಕು. ಪರೀಕ್ಷೆಗೆ ಬರುತ್ತದೆ. ಬರೆಸಿದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು ಆ ಡೇರೆಯ ಕಥೆ ಹೇಳಿ. ಎರಡು ಬಾಗಿಲು ಬರೆದು, ನೀನಾಗಿದ್ದರೆ ಯಾವ ಬಾಗಿಲಲ್ಲಿ ಹೋಗುತ್ತಿದ್ದೆ, ಯಾಕೆ ಅಂತ ಕೇಳಿ. ಯಾವುದಾದರೂ ಮಗು 'ಎರಡೂ ಬೇಡ ಸರ್' ಅಂದರೆ ದಯವಿಟ್ಟು ಕೂರಿಸಬೇಡಿ. ಮುಂದೆ ಏನು ಹೇಳುತ್ತದೆ, ಕೇಳಿಸಿಕೊಳ್ಳಿ. ಬೆಳಗಾವಿ ಗಡಿಭಾಗದ ಮಕ್ಕಳಿಗಂತೂ ಇದು ದೂರದ ಪಾಠ ಅಲ್ಲ. 'ನೀನು ಆ ಕಡೆಯವನೋ ಈ ಕಡೆಯವನೋ' ಅನ್ನೋ ಪ್ರಶ್ನೆ ಅವರಿಗೆ ಇತಿಹಾಸದ ಪಿರಿಯಡ್‌ಗಿಂತ ಮೊದಲೇ ಪರಿಚಯ ಆಗಿರುತ್ತದೆ. ನನಗೆ ಕನ್ನಡದ ಮೇಲೆ ಇರುವ ಅಭಿಮಾನ ಯಾರಿಗೂ ಕಡಿಮೆ ಇಲ್ಲ. ಅದಕ್ಕಾಗಿ ಅಜ್ಜಿಯ ಅಂಗಡಿಯ ಮರಾಠಿಯನ್ನು ಶತ್ರು ಮಾಡಿಕೊಳ್ಳಬೇಕಾಗಿಲ್ಲ ಅನ್ನೋದನ್ನು ನನಗೆ ಕಲಿಸಿದ್ದು ಆ ಊರೇ.

ಇನ್ನು ನನ್ನ ಪಾಲಿನ ಕೆಲಸ. ಆ ಹುಡುಗಿಗೆ ಚಪ್ಪಾಳೆಯ ಉತ್ತರ ಕೊಟ್ಟು ಬಂದೆ, ಅದಕ್ಕೆ ಕ್ಷಮೆ ಇರಲಿ ತಂಗಿ. ಮುಂದಿನ ಸೋಮವಾರದಿಂದ ನಮ್ಮ ರಾತ್ರಿ ಚರ್ಚೆಯಲ್ಲಿ ಕೊನೆಯ ಎರಡು ನಿಮಿಷ, ಎರಡೂ ಬಣಕ್ಕೆ ಸೇರದ ಒಬ್ಬರಿಗೆ ಮೀಸಲು. ಆ ಎರಡು ನಿಮಿಷ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ, ನಾನೂ ಸೇರಿ. ಮೊದಲ ದಿನಕ್ಕೆ ಆ ಮೇಷ್ಟ್ರಿಗೇ ಫೋನ್ ಮಾಡಿದ್ದೇನೆ. ಅವರು 'ಬ್ರೇಕ್ ತಗೊಳ್ಳಲ್ಲ ತಾನೇ?' ಅಂತ ಕೇಳಿದರು. ಇಲ್ಲ ಸರ್ ಅಂದಿದ್ದೇನೆ.